ಅಕ್ಕನ ಉದಾಹರಣೆ

ಒಂದು ತರಬೇತಿ ಕೇಂದ್ರದಲ್ಲಿ ಸ್ಪ್ಯಾನಿಷ್ ಕಲಿಸುವ ಕೆಲಸ ಖಾಲಿ ಇತ್ತು. ಮೊದಲು ಒಂದು ಪಾಠ ಮಾಡಿ ತೋರಿಸಬೇಕಿತ್ತು. ಒಬ್ಬಳೇ ಹೋಗಲು ಧೈರ್ಯ ಸಾಲದೆ ಅಕ್ಕನನ್ನು ಜೊತೆಗೆ ಕರೆದುಕೊಂಡು ಹೋದೆ. ಅವಳು ಕೊನೆಯ ಬೆಂಚಿನಲ್ಲಿ ಕುಳಿತಳು. ಪಕ್ಕದಲ್ಲೇ ತರಬೇತಿ ಕೇಂದ್ರದ ಮೇಡಂ.

"ಸ್ಪ್ಯಾನಿಷ್‌ನಲ್ಲಿ ಭೂತಕಾಲ ಎರಡು ಥರ," ಎಂದೆ. ನನ್ನ ದನಿ ನನಗೇ ಸರಿಯಾಗಿ ಕೇಳಲಿಲ್ಲ. "ಮತ್ತೆ ಮತ್ತೆ ಆಗ್ತಿದ್ದದ್ದಕ್ಕೆ ಒಂದು, ಒಂದು ಸಲ ಆಗಿ ಮುಗಿದದ್ದಕ್ಕೆ ಇನ್ನೊಂದು. ಮಳೆ ಬರ್ತಿತ್ತು. ಮಳೆ ಬಂತು."

"ಹೇಗೆ ಬಂದ್ರೂ ನೆನೆಯೋರು ನಾವೇ ಅಲ್ವಾ ಟೀಚರ್?" ಎಂದಳು ಮುಂದಿನ ಸಾಲಿನಲ್ಲಿ ಸಮವಸ್ತ್ರದಲ್ಲೇ ಬಂದು ಕುಳಿತಿದ್ದ ಒಬ್ಬ ನರ್ಸ್.

ಎಲ್ಲರೂ ಗೊಳ್ಳೆಂದರು. ಮೇಡಂ ಗಡಿಯಾರ ನೋಡಿದರು. ಕೆಲಸ ಕೈತಪ್ಪಿತು ಅನ್ನಿಸಿದ್ದೇ, ಹಿಂದೆಮುಂದೆ ನೋಡದೆ ಅಂದುಬಿಟ್ಟೆ:

"ನಮ್ಮಕ್ಕ ದಿನಾ ಸಂಜೆ ತಲೆ ಬಾಚ್ಕೊಂಡು ಕಿಟಕಿ ಹತ್ರ ಕಾಯ್ತಿದ್ದಳು. ಅವಳು ಮೆಚ್ಚಿದ್ದೋರು ಬೈಕಲ್ಲಿ ಬರ್ತಿದ್ರು, ಹಾರ್ನ್ ಹೊಡೀತಿದ್ರು. ಇದು ಮೊದಲನೇದು."

ತರಗತಿ ತಲೆಯೆತ್ತಿತು.

"ಒಂದು ದಿನ ಬರಲಿಲ್ಲ. ಬೇರೆಯವಳನ್ನ ಮದುವೆ ಆದರು. ಇದು ಎರಡನೇದು."

"ಅಯ್ಯೋ ಪಾಪ! ಆಮೇಲೆ?" ಎಂದಳು ನರ್ಸ್.

"ಅಕ್ಕ ಊಟ ಬಿಟ್ಟಳು. ಬಾಗಿಲು ಹಾಕ್ಕೊಂಡು ಅತ್ತಳು."

ದನಿ ತಾನಾಗಿಯೇ ಗಟ್ಟಿಯಾಗಿತ್ತು. ಅದನ್ನೆಲ್ಲ ಸ್ಪ್ಯಾನಿಷ್‌ನಲ್ಲಿ ಬೋರ್ಡಿನ ಮೇಲೆ ಬರೆದು ಹೇಳಿಸಿದೆ. ಅಕ್ಕ ಕಾಯುತ್ತಿದ್ದಳು, ಅವರು ಬರಲಿಲ್ಲ, ಅಕ್ಕ ಅತ್ತಳು ಎಂದು ಇಡೀ ತರಗತಿ ಮಗ್ಗಿಯಂತೆ ಒಪ್ಪಿಸಿತು. ಆಗ ಹಿಂದಿನ ಬೆಂಚಿನತ್ತ ಕಣ್ಣು ಹೋಯಿತು. ಅಕ್ಕ ತಲೆ ತಗ್ಗಿಸಿ ಉಗುರಿನಿಂದ ಬೆಂಚಿನ ಬಣ್ಣ ಕೆರೆಯುತ್ತಿದ್ದಳು.

"ಭೇಷ್ ಕಣಮ್ಮಾ, ಸೋಮವಾರದಿಂದ ಬಾ," ಎಂದರು ಮೇಡಂ. "ಆ ಅಕ್ಕನ ಕಥೆ ಮಾತ್ರ ಬಿಡಬೇಡ, ಎಲ್ಲಾ ಬ್ಯಾಚಿಗೂ ಹೇಳು. ಅಂದ ಹಾಗೆ, ಇವರು ಯಾರು?"

"ಪಕ್ಕದ ಮನೆಯವಳು," ಎಂದಳು ಅಕ್ಕ.

ನಾನು ಅಲ್ಲ ಎನ್ನಲಿಲ್ಲ.

ಕೆಳಗೆ ಬಾಗಿಲಲ್ಲಿ ನರ್ಸ್ ಕಾದಿದ್ದಳು. "ಟೀಚರ್, ನಿಮ್ಮಕ್ಕ ಈಗ ಹೇಗಿದ್ದಾರೆ?"



"ಗುಂಡುಕಲ್ಲಿನ ಹಾಗಿದ್ದಾಳೆ ಬಿಡಿ," ಎಂದಳು ಅಕ್ಕ. "ದಿನಾ ನೋಡ್ತೀನಲ್ಲ."

ನರ್ಸ್ ನಕ್ಕಳು. ಅಕ್ಕನೂ ನಕ್ಕಳು, ನನ್ನ ಕಡೆ ತಿರುಗದೆ.

ಬೀದಿಯಲ್ಲಿ, ಬಸ್ಸಿನ ಸಾಲಿನಲ್ಲಿ, ಎಲ್ಲೆಲ್ಲೂ ನನ್ನ ತರಗತಿಯವರೇ. ಅಕ್ಕ ಬಿರಬಿರನೆ ಮುಂದೆ ನಡೆದಳು. "ಅಕ್ಕಾ" ಎಂದು ಕೂಗಿದ್ದರೆ ಅಷ್ಟೂ ಜನ ಅವಳನ್ನೇ ತಿರುಗಿ ನೋಡುತ್ತಿದ್ದರು. ಬಾಯಿ ಮುಚ್ಚಿಕೊಂಡು ಅವಳ ಹಿಂದೆ ನಡೆದೆ.