ಕಾಟಾ ತಿರುವು

ಆ ವರ್ಷ ದೀಪಾಲಿ ನಾಲ್ಕು ರೇಸುಗಳಲ್ಲಿ ಗಾಡಿ ಓಡಿಸಿದ್ದಳು. ನಾಲ್ಕರಲ್ಲಿ ಒಂದರಲ್ಲೂ ಹದಿಮೂರನೆಯ ಸ್ಥಾನದಿಂದ ಮೇಲೇರಿರಲಿಲ್ಲ. ಪುಣೆಯ ಮಗರಪಟ್ಟಾದ ವಿಮಾ ಕಚೇರಿಯೊಂದರಲ್ಲಿ ಅಪಘಾತವಾದ ವಾಹನಗಳ ಅರ್ಜಿ ನೋಡುವುದು ಅವಳ ಕೆಲಸ. ಶನಿವಾರ ಬಂತೆಂದರೆ ತನ್ನ ಮುನ್ನೂರು ಸಿಸಿ ಗಾಡಿಯನ್ನು ಟೆಂಪೋಕ್ಕೆ ಹತ್ತಿಸಿಕೊಂಡು ಬಾರಾಮತಿ ರಸ್ತೆ ಹಿಡಿಯುತ್ತಿದ್ದಳು. ಆ ಕಡೆ ಮುಚ್ಚಿಹೋದ ಸಕ್ಕರೆ ಕಾರ್ಖಾನೆಯೊಂದರ ಆವರಣದ ರಸ್ತೆಗಳನ್ನೇ ಸೇರಿಸಿ ಯಾರೋ ಎರಡು ಕಿಲೋಮೀಟರಿನ ರೇಸ್ ಟ್ರ್ಯಾಕ್ ಮಾಡಿದ್ದರು. ಸುತ್ತ ಕಬ್ಬು, ನಡುವೆ ಒಂಬತ್ತು ತಿರುವು. ಐದನೆಯದಕ್ಕೆ ಎಲ್ಲರೂ ಕಾಟಾ ತಿರುವು ಎನ್ನುತ್ತಿದ್ದರು, ಹಿಂದೆ ಕಬ್ಬಿನ ಟ್ರಾಲಿಗಳನ್ನು ತೂಗುವ ಕಾಟಾ ಅಲ್ಲೇ ಇತ್ತಂತೆ. ದೀಪಾಲಿ ಸೋಲುತ್ತಿದ್ದದ್ದು ಅಲ್ಲೇ. ತಿರುವಿನಿಂದ ಹೊರಬೀಳುವಾಗ ಗಾಡಿ ಅವಳ ಮಾತು ಕೇಳದೆ ಅಂಚಿನ ಮಣ್ಣಿನ ಕಡೆಗೆ ಸರಿಯುತ್ತಿತ್ತು. ಅವಳು ಎಕ್ಸಿಲೇಟರ್ ಬಿಡಲೇಬೇಕಾಗುತ್ತಿತ್ತು. ಅಷ್ಟರಲ್ಲಿ ಇಬ್ಬರು ಮುಂದೆ ಹೋಗಿರುತ್ತಿದ್ದರು.

ಸಲಹೆಗೇನೂ ಕೊರತೆ ಇರಲಿಲ್ಲ. ಇನ್ನೂ ಬಾಗಬೇಕು ಎಂದ ಒಬ್ಬ. ಧೈರ್ಯ ಸಾಲದು ಎಂದ ಇನ್ನೊಬ್ಬ. ರೇಸಿನ ಗಾಡಿ ಕಲ್ಲಿನ ಹಾಗಿರಬೇಕು, ಸ್ಪ್ರಿಂಗ್ ಬಿಗಿ ಮಾಡು ಎಂದವರು ಬಹಳ ಜನ. ದೀಪಾಲಿ ಬಾಗಿದಳು, ಧೈರ್ಯ ಮಾಡಿದಳು, ಸ್ಪ್ರಿಂಗನ್ನು ಇನ್ನು ತಿರುಗದು ಎನ್ನುವವರೆಗೆ ಬಿಗಿ ಮಾಡಿದಳು. ಮುಂಗೈ ಜೋಮು ಹಿಡಿದದ್ದು ಬಿಟ್ಟರೆ ಬೇರೇನೂ ಆಗಲಿಲ್ಲ.

ಅವಳ ಗಾಡಿಯ ಎಂಜಿನ್ ನೋಡಿಕೊಳ್ಳುತ್ತಿದ್ದವನು ಸುಂದರ, ಸೊಲ್ಲಾಪುರದವನು. ಐದನೆಯ ರೇಸಿಗೆ ಒಂದೂವರೆ ತಿಂಗಳಿರುವಾಗ ಅವನು ಕೈ ಒರೆಸಿಕೊಳ್ಳುತ್ತ ಹೇಳಿದ: "ಎಂಜಿನ್ ಕೇಳ್ರಿ, ಹೇಳ್ತೀನಿ. ಶಾಕಪ್ಪಿನ ವಿದ್ಯಾ ನಂಗ ಬರಂಗಿಲ್ಲ. ಹಡಪ್ಸರದಾಗ ಒಬ್ಬಾಕಿ ಇದ್ದಾಳ. ಆಕಿ ಕೈಗೆ ಕೊಟ್ಟು ನೋಡೂಣು."

ಹಡಪ್ಸರದ ಒಂದು ಓಣಿಯಲ್ಲಿ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಆ ಅಂಗಡಿ. ಬೋರ್ಡಿಲ್ಲ. ಹೊರಗೆ ಮೂರು ಆಟೊರಿಕ್ಷಾ ಸಾಲುಗಟ್ಟಿ ನಿಂತಿದ್ದವು. ಒಳಗೆ ನೈಲಾನ್ ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ತೊಟ್ಟ, ಐವತ್ತು ದಾಟಿದ ಹೆಂಗಸೊಬ್ಬಳು ರಿಕ್ಷಾದ ಶಾಕಪ್ಪೊಂದನ್ನು, ಕುಲುಕು ತಡೆಯುವ ಆ ಸ್ಪ್ರಿಂಗಿನ ಕೊಳವೆಯನ್ನು, ಅಂಗೈಯಲ್ಲಿ ಒತ್ತಿ, ಬಿಟ್ಟು, ಮತ್ತೆ ಒತ್ತುತ್ತಿದ್ದಳು. ದೀಪಾಲಿ ಮರಾಠಿಯಲ್ಲಿ ತನ್ನ ಕಥೆ ಶುರು ಮಾಡುವಷ್ಟರಲ್ಲಿ ಅಪ್ಪನ ಫೋನು ಬಂತು. "ಹೂಂ ಅಪ್ಪಾ, ಊಟಕ್ಕ ಬರ್ತೀನಿ" ಎಂದು ಇಟ್ಟಳು.

"ಯಾವೂರವಾ ನಿಮ್ದು?" ಎಂದಳು ಹೆಂಗಸು, ತಲೆ ಎತ್ತದೆ.

"ಅಪ್ಪನ ಊರು ಇಂಡಿ ರೀ. ನಾ ಹುಟ್ಟಿದ್ದು ಇಲ್ಲೇ, ಶಿವಾಜಿನಗರದಾಗ. ಅಪ್ಪ ಕೋರ್ಟಿನಾಗ ಕ್ಲಾರ್ಕ್ ಇದ್ದಾರ."

"ನಮ್ದು ಯಾದಗಿರಿ ಕಡಿ. ಕಾಶವ್ವ ಅಂತಾರ. ಗಾಡಿ ಒಳಗ ತಾ, ನೋಡಮ."

ಕಾಶವ್ವ ಗಾಡಿಯ ಹೆಸರು ಕೇಳಲಿಲ್ಲ, ವೇಗ ಕೇಳಲಿಲ್ಲ. ಮೊದಲು ಕೇಳಿದ್ದು ದೀಪಾಲಿಯ ತೂಕ. ನಲವತ್ತೆಂಟು ಎಂದಾಗ, ರೇಸಿನ ಉಡುಪು, ಬೂಟು, ಹೆಲ್ಮೆಟ್ ಎಲ್ಲ ತೊಟ್ಟ ಮೇಲೆ ಎಷ್ಟು ಎಂದಳು. ಅದು ದೀಪಾಲಿಗೆ ಗೊತ್ತಿರಲಿಲ್ಲ. ಅವಳನ್ನು ಹಾಗೇ ಉಡುಪು ತೊಡಿಸಿ ಪಕ್ಕದ ಗಿರಣಿಯ ತಕ್ಕಡಿಯ ಮೇಲೆ ನಿಲ್ಲಿಸಿದಳು. ಜೋಳ ಬೀಸಿಸಲು ಬಂದವರು ನೋಡುತ್ತ ನಿಂತರು. ಐವತ್ತೇಳು ಕಿಲೋ.

ಆಮೇಲೆ ಮುಂದಿನ ಚಕ್ರ ಹಿಡಿದ ಫೋರ್ಕಿನ ಕೊಳವೆಗೆ ಒಂದು ರಬ್ಬರ್ ಬಳೆ ಸಿಕ್ಕಿಸಿ, ದೀಪಾಲಿಯನ್ನು ಗಾಡಿಯ ಮೇಲೆ ಕೂರಿಸಿ, ಸುಂದರನಿಗೆ ಹಿಂದಿನಿಂದ ಹಿಡಿಯಲು ಹೇಳಿದಳು. ದೀಪಾಲಿ ಕೂತಾಗ ಬಳೆ ಎಷ್ಟು ಸರಿಯಿತೆಂದು ಉಕ್ಕಿನ ಪಟ್ಟಿ ಇಟ್ಟು ಅಳೆದಳು. ಮೂರು ಸಲ ಅಳೆದಳು.

"ಹನ್ನೆರಡು ಮಿಲಿಮೀಟರ್. ಮೂವತ್ತರ ಆಸುಪಾಸು ಇಳೀಬೇಕಿತ್ತು. ಈ ಸ್ಪ್ರಿಂಗ್ ಎಂಬತ್ತು ಕಿಲೋದ ಗಂಡಸಿಗೆ ಮಾಡಿದ್ದು ತಂಗಿ. ಮ್ಯಾಲ ನೀವು ಬಿಗಿ ಬ್ಯಾರೆ ಮಾಡೀರಿ. ನೀ ಕುಂತದ್ದು ಇದಕ್ಕ ಗೊತ್ತ ಆಗಿಲ್ಲ."

ಎರಡು ವರ್ಷದಲ್ಲಿ ತಪ್ಪು ದೀಪಾಲಿಯದಲ್ಲ ಎಂದು ಹೇಳಿದವರು ಈಕೆಯೊಬ್ಬಳೇ.

"ಗಟ್ಟಿ ಇದ್ರ ಛಲೋ ಅಂತಾರಲ್ರಿ ಎಲ್ಲಾರೂ?"

"ಗಟ್ಟಿ ಇದ್ರ ಚಕ್ರ ಜಿಗೀತದ. ಜಿಗಿದ ಚಕ್ರ ನೆಲಾ ಹಿಡೀತದೇನು? ಶಾಕಪ್ಪಿನ ಕೆಲಸ ಒಂದೇ, ಚಕ್ರ ನೆಲಾ ಬಿಡಬಾರದು. ಮೆತ್ತಗ ಕುಂದರೋದು, ಗಟ್ಟಿ ಕುಂದರೋದು, ಅದೆಲ್ಲಾ ಆಮ್ಯಾಲಿನ ಮಾತು."

ತನ್ನ ಕಪಾಟಿನಿಂದ ಎರಡು ಕೊಳವೆಗೂ ಮೆದು ಸ್ಪ್ರಿಂಗುಗಳನ್ನು ಹುಡುಕಿ, ಎರಡನ್ನೂ ಒಂದರ ಪಕ್ಕ ಒಂದಿಟ್ಟು ಎತ್ತರ ನೋಡಿ, ಎಣ್ಣೆ ಬದಲಿಸಿ ಹಾಕಿದಳು. ಮುಂದಿನ ಶನಿವಾರ ಟೆಂಪೋದಲ್ಲಿ ಕೂತು ತಾನೇ ಬಾರಾಮತಿ ರಸ್ತೆಗೆ ಬಂದಳು. ಬುತ್ತಿಗಂಟು, ಉಕ್ಕಿನ ಪಟ್ಟಿ, ಒಂದು ಸ್ಕ್ರೂಡ್ರೈವರ್, ಅಷ್ಟೇ ಅವಳ ಸಾಮಾನು. ಕಾಶವ್ವನಿಗೆ ಸೈಕಲ್ಲು ಕೂಡ ಬರುವುದಿಲ್ಲ ಎಂದು ದೀಪಾಲಿಗೆ ಗೊತ್ತಾದದ್ದು ದಾರಿಯಲ್ಲಿ. ಹತ್ತೊಂಬತ್ತನೆಯ ವಯಸ್ಸಿಗೆ ಗಂಡನ ಜೊತೆ ಡಾಂಬರು ಹಾಕುವ ಗ್ಯಾಂಗಿನಲ್ಲಿ ಪುಣೆಗೆ ಬಂದವಳು. ಏಳು ವರ್ಷ ರಸ್ತೆ ಹಾಕಿ, ಆಮೇಲೆ ಶಾಕಪ್ ಮಾಡುವ ಕಾರ್ಖಾನೆಯೊಂದಕ್ಕೆ ಗುತ್ತಿಗೆ ಕೆಲಸಕ್ಕೆ ಸೇರಿದಳು. ಅಲ್ಲಿ ಹದಿನೆಂಟು ವರ್ಷ. ತಯಾರಾದ ಶಾಕಪ್ಪನ್ನು ಪರೀಕ್ಷೆಯ ಮಷಿನ್ನಿಗೆ ಹಾಕುವ ಮೊದಲು ಕೈಯಿಂದ ಒತ್ತಿ ನೋಡುವುದು ಅವಳ ಪಾಲಿನ ಕೆಲಸ. ಮಷಿನ್ನು ಗೆರೆ ಎಳೆದು ತೋರಿಸುವುದನ್ನು ಅವಳ ಅಂಗೈ ಮೊದಲೇ ಹೇಳುತ್ತಿತ್ತಂತೆ. ಆ ವಿಭಾಗ ಬೇರೆ ಊರಿಗೆ ಹೋದಾಗ ಇವಳು ಓಣಿಯಲ್ಲಿ ಅಂಗಡಿ ಹಾಕಿದಳು.

ಟ್ರ್ಯಾಕಿನಲ್ಲಿ ಕಾಶವ್ವ ಮೊದಲು ಮಾಡಿದ್ದು ವಿಚಿತ್ರವಾಗಿತ್ತು. ಹಿಂದಿನ ಶಾಕಪ್ಪಿನ ಬುಡದಲ್ಲಿ ಒಂದು ಪುಟ್ಟ ತಿರುಪು ಇರುತ್ತದೆ. ಒತ್ತಿದ ಸ್ಪ್ರಿಂಗ್ ಎಷ್ಟು ಬೇಗ ಮೇಲೇಳಬೇಕು ಎಂಬುದು ಅದರ ಕೈಯಲ್ಲಿದೆ. ರಿಬೌಂಡ್ ಎನ್ನುತ್ತಾರೆ. ಬಲಕ್ಕೆ ತಿರುಗಿಸಿ ಮುಚ್ಚಿದರೆ ನಿಧಾನ, ಎಡಕ್ಕೆ ತಿರುಗಿಸಿ ಬಿಚ್ಚಿದರೆ ಚುರುಕು. ಒಂದೊಂದು ಹೆಜ್ಜೆಗೂ ಟಕ್ಕೆಂದು ಸದ್ದು. ಕಾಶವ್ವ ಅದನ್ನು ಪೂರ್ತಿ ಮುಚ್ಚಿ, ನಿಧಾನ ಎರಡು ಸುತ್ತು ಹೊಡೆದು ಬಾ ಎಂದಳು. ಆಮೇಲೆ ಪೂರ್ತಿ ಬಿಚ್ಚಿ ಮತ್ತೆರಡು ಸುತ್ತು ಎಂದಳು. ಮೊದಲನೆಯದರಲ್ಲಿ ಹಿಂಭಾಗ ಸತ್ತಂತೆ ಕುಸಿದುಕೊಂಡೇ ಇತ್ತು. ಎರಡನೆಯದರಲ್ಲಿ ಸೀಟು ಬೆನ್ನಿಗೆ ಗುದ್ದುತ್ತಿತ್ತು.

"ಈಗ ಎರಡೂ ತುದಿ ಗೊತ್ತಾತು. ಇನ್ನ ನಡುವಿಂದು ಹುಡುಕಮ," ಎಂದಳು.

ಹುಡುಕಾಟ ಮಧ್ಯಾಹ್ನದವರೆಗೆ ನಡೆಯಿತು. ಒಂದು ಸಲಕ್ಕೆ ಒಂದೇ ಬದಲು, ಪ್ರತಿ ಬದಲಿಗೂ ಮೂರು ಸುತ್ತು, ಬಂದ ಕೂಡಲೇ ದೀಪಾಲಿ ಏನಾಯಿತೆಂದು ಹೇಳಬೇಕು. ನಾಲ್ಕನೆಯ ಸಲ ಕಾಶವ್ವ ಬಗ್ಗಿ ಏನೋ ತಿರುವಿದಂತೆ ಮಾಡಿ ಕಳಿಸಿದಳು. ದೀಪಾಲಿ ಮರಳಿ ಬಂದು ಹೆಲ್ಮೆಟ್ ತೆಗೆಯುತ್ತಲೇ, "ಭಾಳ ಛಲೋ ಆತ್ರಿ ಕಾಕು. ಹಿಂದಿಂದು ಈಗ ಮೆತ್ತಗ ಎದ್ದು ಬರ್ತದ," ಎಂದಳು.

"ನಾ ಏನೂ ಮುಟ್ಟಿಲ್ಲ," ಎಂದಳು ಕಾಶವ್ವ.

ಸುಂದರ ಬೇರೆ ಕಡೆ ಮುಖ ತಿರುಗಿಸಿದ. ದೀಪಾಲಿಯ ಕಿವಿ ಬಿಸಿಯಾಯಿತು. ಕಾಶವ್ವನ ದನಿಯಲ್ಲಿ ಕುಹಕವಿರಲಿಲ್ಲ.

"ನಂಗ ಖುಷಿ ಆಗ್ಲಿ ಅಂತ ಹೇಳಬ್ಯಾಡ ತಂಗಿ. ನಾ ಗಾಡಿ ಮ್ಯಾಲ ಕುಂದರಾಕಿ ಅಲ್ಲ. ನನಗ ಕಣ್ಣು ನೀನ. ಗೊತ್ತಾಗಲಿಲ್ಲ ಅಂದ್ರ ಗೊತ್ತಾಗಲಿಲ್ಲ ಅನ್ನು, ಅದೂ ಒಂದು ಉತ್ತರನ."

ದೀಪಾಲಿ ತಲೆಯಾಡಿಸಿದಳು. ಕಾಟಾ ತಿರುವಿನ ಕಾಟ ಮಾತ್ರ ಇನ್ನೂ ಹಾಗೇ ಇತ್ತು. ಗಾಡಿ ತಿರುವಿನೊಳಗೆ ಈಗ ಸಲೀಸಾಗಿ ಇಳಿಯುತ್ತಿತ್ತು, ಹೊರಬರುವಾಗ ಮಾತ್ರ ಹಿಂದಿನಂತೆಯೇ ದೂರ ಸರಿಯುತ್ತಿತ್ತು. ಅದನ್ನು ಹೇಳಿದಾಗ ಕಾಶವ್ವ ಸ್ವಲ್ಪ ಹೊತ್ತು ಆ ತಿರುವಿನ ಕಡೆ ನೋಡಿ, ಊಟದ ಬಿಡುವಿನಲ್ಲಿ ಟ್ರ್ಯಾಕಿನ ಮೇಲೆ ನಡೆಯಲು ಅನುಮತಿ ಸಿಗುತ್ತದೆಯೇ ಎಂದು ಕೇಳಿದಳು.

ಸಿಕ್ಕಿತು. ಕಾಶವ್ವ ಚಪ್ಪಲಿ ಬಿಟ್ಟು ಬರಿಗಾಲಲ್ಲಿ ಹೊರಟಳು. ಬಿಸಿಲಿಗೆ ಡಾಂಬರು ಕಾದಿತ್ತು. ಬೂಟು ತೊಟ್ಟ ದೀಪಾಲಿಗೇ ಕಾವು ತಟ್ಟುತ್ತಿತ್ತು. ಕಾಶವ್ವ ಮಾತ್ರ ಅವಸರವಿಲ್ಲದೆ, ಒಂದೊಂದೇ ಪಾದ ಊರುತ್ತ, ದೀಪಾಲಿಯ ಗಾಡಿ ಹೋಗುವ ಗೆರೆಯ ಮೇಲೇ ನಡೆದಳು. ತಿರುವಿನ ನಡುವೆ ನಿಂತಳು. ನಾಲ್ಕು ಹೆಜ್ಜೆ ಹಿಂದೆ ಬಂದು ಮತ್ತೆ ನಡೆದಳು.

"ಇಲ್ಲಿ ಬಾ. ಬೂಟು ಬಿಚ್ಚು."

ದೀಪಾಲಿ ಬಿಚ್ಚಿದಳು. ಕಾಲು ಸುಟ್ಟಿತು. ಮೊದಲು ಉರಿ ಬಿಟ್ಟು ಏನೂ ತಿಳಿಯಲಿಲ್ಲ. ಮೂರನೆಯ ಸಲಕ್ಕೆ ತಿಳಿಯಿತು: ಕಣ್ಣಿಗೆ ಸಪಾಟಾಗಿ ಕಾಣುವ ನೆಲ ಅಂಗಾಲಿಗೆ ಅಲೆಅಲೆಯಾಗಿತ್ತು. ಗೇಣಿಗೊಂದು ಸಣ್ಣ ಉಬ್ಬು, ಎಂಟು ಹತ್ತು ಸಾಲಾಗಿ, ತಿರುವಿನಿಂದ ಹೊರಡುವ ಜಾಗದಲ್ಲೇ.

"ತುಂಬಿದ ಟ್ರಾಲಿ ಕಾಟಾದಾಗ ತೂಗಿಸಿ, ಇಲ್ಲಿಂದ ಜಗ್ಗಿಕೊಂಡು ಹೊಂಟಿರ್ತಾವ," ಎಂದಳು ಕಾಶವ್ವ. "ಟ್ರ್ಯಾಕ್ಟರ್ ಗಾಲಿ ಡಾಂಬರು ಹಿಂದಕ್ಕ ದಬ್ಬತದ. ವರ್ಷಾನುಗಟ್ಲೆ ದಬ್ಬಿದ್ರ ಹಿಂಗ ಆಗ್ತದ. ನಾವು ಹಾಕಿದ ರಸ್ತಾದಾಗ ಎಷ್ಟೋ ಕಡಿ ಕಂಡೀನಿ."

ಆಮೇಲೆ ಅಲ್ಲೇ ಕುಕ್ಕರಗಾಲಲ್ಲಿ ಕೂತು ಅಂಗೈಯನ್ನು ಚಕ್ರ ಮಾಡಿ ತೋರಿಸಿದಳು. ನಿನ್ನ ಹಿಂದಿನ ಚಕ್ರ ಮೊದಲ ಉಬ್ಬಿಗೆ ಒತ್ತಿಕೊಳ್ಳುತ್ತದೆ. ನಿಧಾನಕ್ಕೆ ಮೇಲೇಳುವಷ್ಟರಲ್ಲಿ ಎರಡನೆಯ ಉಬ್ಬು ಬರುತ್ತದೆ, ಮೂರನೆಯದು ಬರುತ್ತದೆ. ಏಳುವುದಕ್ಕೆ ಪುರುಸೊತ್ತೇ ಇಲ್ಲ. ಕುಸಿದು ಕುಸಿದು ಹಿಂದಿನ ಭಾಗ ಕೆಳಗೇ ಉಳಿದರೆ ಮುಂದಿನ ಚಕ್ರ ಹಗುರಾಗುತ್ತದೆ. ಹಗುರಾದ ಚಕ್ರ ತಿರುಗು ಎಂದರೆ ಹೇಗೆ ತಿರುಗೀತು.

ದೀಪಾಲಿ ಸುಡುವ ನೆಲದ ಮೇಲೆ ನಿಂತೇ ಕೇಳುತ್ತಿದ್ದಳು. ಈ ತಿರುವನ್ನು ಅವಳು ಸಾವಿರ ಸಲ ದಾಟಿರಬಹುದು. ಗಾಡಿ ಹತ್ತದ ಈ ಹೆಂಗಸು ಒಂದೇ ಸಲ ನಡೆದು ಅದನ್ನು ಪುಸ್ತಕದಂತೆ ಓದಿದ್ದಳು.

ಮರಳಿ ಬಂದು ಕಾಶವ್ವ ತಿರುಪನ್ನು ಮೂರು ಟಕ್ಕು ಬಿಚ್ಚಿದಳು, ಆಮೇಲೆ ಇನ್ನೆರಡು. ಈಗ ಅದು ಪೂರ್ತಿ ಮುಚ್ಚಿದಲ್ಲಿಂದ ಒಂಬತ್ತನೆಯ ಟಕ್ಕಿನಲ್ಲಿತ್ತು. ಆ ಸಲ ಕಾಟಾ ತಿರುವಿನಲ್ಲಿ ದೀಪಾಲಿ ಎಕ್ಸಿಲೇಟರ್ ತಿರುವಿದಾಗ ಗಾಡಿ ಗೆರೆ ಬಿಡಲಿಲ್ಲ. ಅವಳಿಗೆ ನಂಬಿಕೆ ಬರಲಿಲ್ಲ. ಮುಂದಿನ ಸುತ್ತಿನಲ್ಲಿ ಬೇಕೆಂದೇ ಇನ್ನೂ ಬೇಗ ತಿರುವಿದಳು. ಗಾಡಿ ಬಾಗಿದಲ್ಲೇ ಬಾಗಿ, ನೆಲ ಹಿಡಿದುಕೊಂಡು ಹೊರಬಂತು. ಹೆಲ್ಮೆಟ್ಟಿನೊಳಗೆ ಅವಳು ಜೋರಾಗಿ ನಗುತ್ತಿದ್ದಳು. ಗಾಡಿ ಸರಿಮಾಡುವ ಪಿಟ್ಟಿಗೆ ಬಂದು ಮಾತ್ರ ನಗು ತಡೆದು, ಎಲ್ಲೆಲ್ಲಿ ಏನೇನಾಯಿತೆಂದು ಒಂದೊಂದಾಗಿ ವರದಿ ಒಪ್ಪಿಸಿದಳು.

ರೇಸಿನ ದಿನ ಸೆಕೆ ಎಂದರೆ ಸೆಕೆ. ಹತ್ತೊಂಬತ್ತು ಗಾಡಿ, ಹತ್ತು ಸುತ್ತು. ಬೆಳಗಿನ ಅರ್ಹತಾ ಸುತ್ತಿನಲ್ಲಿ ದೀಪಾಲಿಗೆ ಎಂಟನೆಯ ಸ್ಥಾನ ಸಿಕ್ಕಿತ್ತು, ಅದೇ ಅವಳ ಪಾಲಿಗೆ ದೊಡ್ಡದು. ಮಧ್ಯಾಹ್ನ ಕಾಶವ್ವ ಶಾಕಪ್ಪನ್ನು ಮುಟ್ಟಿ ನೋಡಿ, "ಎಣ್ಣಿ ಕಾದು ತೆಳ್ಳಗ ಆಗ್ತದ, ಗಾಡಿ ಜಿಗೀತದ. ಎರಡು ಟಕ್ಕು ಮುಚ್ಚತೀನಿ," ಎಂದಳು. ಸುಂದರ ಗಾಡಿಯನ್ನು ಗೋಡೆಗೆ ಒತ್ತಿ ನಿಲ್ಲಿಸಿದ್ದರಿಂದ ಯಾವತ್ತಿನ ಬದಿಯಿಂದ ಕೈ ಹೋಗಲಿಲ್ಲ. ಇನ್ನೊಂದು ಬದಿಗೆ ಬಂದು, ಕಾಣದಿದ್ದರೂ ಕೈಯಂದಾಜಿನಲ್ಲಿ ತಿರುವಿದಳು.

ರೇಸಿಗೆ ಮುಂಚಿನ ಅಭ್ಯಾಸಕ್ಕೆಂದು ದೀಪಾಲಿ ಎರಡು ಸುತ್ತು ಹೋಗಿ ಬಂದಳು. ಹಿಂಭಾಗ ಚೆಂಡಿನಂತೆ ಪುಟಿಯುತ್ತಿತ್ತು. ಹೇಳಲೋ ಬೇಡವೋ ಎಂದು ಒಂದು ಗಳಿಗೆ ಅನುಮಾನಿಸಿದಳು. ಹೆಲ್ಮೆಟ್ ತೆಗೆದಳು.

"ಕಾಕು, ಕೆಟ್ಟದ. ಮುಂಜಾನಿಕಿಂತ ಕೆಟ್ಟದ. ಜಿಗ್ಯಾಕತ್ತದ."

"ಎರಡು ಮುಚ್ಚೀನಲ್ಲ. ಜಿಗಿಯಾಂಗಿಲ್ಲ ಅದು."

"ಜಿಗೀತದ್ರಿ. ಕಾಟಾ ತಿರುವಿನಾಗ ಸೀಟು ಎತ್ತಿ ಒಗೀತು."

ಕಾಶವ್ವ ಅವಳ ಮುಖವನ್ನೇ ನೋಡಿದಳು. ಆಮೇಲೆ ಸುಂದರನಿಗೆ ಗಾಡಿ ತಿರುಗಿಸಿ ನಿಲ್ಲಿಸಲು ಹೇಳಿ, ತಿರುಪನ್ನು ಪೂರ್ತಿ ಮುಚ್ಚುತ್ತ ಟಕ್ಕು ಎಣಿಸಿದಳು. ಏಳು ಬರಬೇಕಿತ್ತು. ಹನ್ನೊಂದು ಬಂತು.

ಅಕ್ಕಪಕ್ಕದ ಪಿಟ್ಟಿನವರು ನಿಂತು ನೋಡುತ್ತಿದ್ದರು. ಕಾಶವ್ವ ಎದ್ದು ನಿಂತು ಎಲ್ಲರಿಗೂ ಕೇಳುವಂತೆಯೇ ಹೇಳಿದಳು: "ತಪ್ಪು ನಂದು. ಆ ಬಾಜೂಕಿಂದ ಕೈ ಹಾಕಿ ಉಲ್ಟಾ ತಿರುವೀನಿ. ಮುಚ್ಚೋದು ಬಿಟ್ಟು ಬಿಚ್ಚೀನಿ." ದೀಪಾಲಿಯ ಕಡೆ ತಿರುಗಿ, "ಛಲೋ ಹೇಳಿದಿ. ಸುಮ್ಮ ಕುಂತಿದ್ರ ಬೀಳತಿದ್ದಿ ನೀ," ಎಂದಳು.

ಇಪ್ಪತ್ತೈದು ವರ್ಷದ ಕಸುಬಿನವರು ಹೀಗೆ ನಾಲ್ಕು ಜನರೆದುರು ತಪ್ಪು ಒಪ್ಪಿಕೊಂಡದ್ದನ್ನು ದೀಪಾಲಿ ತನ್ನ ಕಚೇರಿಯಲ್ಲಾಗಲಿ ರೇಸಿನಲ್ಲಾಗಲಿ ಕಂಡಿರಲಿಲ್ಲ. ಕಾಶವ್ವ ಆಗಲೇ ಕೆಳಗೆ ಬಗ್ಗಿ ಏಳರ ತನಕ ಎಣಿಸುತ್ತಿದ್ದಳು.

ರೇಸು ಶುರುವಾದಾಗ ಗದ್ದಲದಲ್ಲಿ ದೀಪಾಲಿ ಹನ್ನೊಂದನೆಯ ಸ್ಥಾನಕ್ಕೆ ಕುಸಿದಳು. ಗಾಬರಿಯಾಗಲಿಲ್ಲ. ಮೂರನೆಯ ಸುತ್ತಿನಿಂದ ಕಾಟಾ ತಿರುವಿನಲ್ಲಿ ಒಬ್ಬೊಬ್ಬರನ್ನೇ ಹಿಂದೆ ಹಾಕತೊಡಗಿದಳು. ಮುಂದಿನವರ ಗಾಡಿ ಅಂಚಿಗೆ ಸರಿದು ಅವರು ಎಕ್ಸಿಲೇಟರ್ ಬಿಡುವುದನ್ನು ಕಂಡಾಗ ಅವರ ಮುಂಗೈ ಹೇಗೆ ನೋಯುತ್ತಿರಬೇಕೆಂದು ಅವಳಿಗೆ ಗೊತ್ತಿತ್ತು. ಎಂಟನೆಯ ಸುತ್ತಿಗೆ ಐದನೆಯವಳು, ಒಂಬತ್ತಕ್ಕೆ ನಾಲ್ಕನೆಯವಳು. ಮೂರನೆಯವನನ್ನು ಕೊನೆಯ ತಿರುವಿನಲ್ಲಿ ಹಿಡಿಯಲು ಹೋದಳು. ಬ್ರೇಕು ಒಂದು ಕ್ಷಣ ತಡವಾಯಿತು, ಗಾಡಿ ಅಗಲ ಹೋಯಿತು. ಅದು ಶಾಕಪ್ಪಿನ ತಪ್ಪಲ್ಲ, ತನ್ನದೇ. ಒಂದು ಗಾಡಿಯ ಅಂತರದಲ್ಲಿ ನಾಲ್ಕನೆಯವಳಾಗಿ ಗೆರೆ ದಾಟಿದಳು.

ಪಿಟ್ಟಿಗೆ ಬಂದಾಗ ಸುಂದರ ಅವಳ ಬೆನ್ನು ತಟ್ಟಿದ. ಕಾಶವ್ವ ಮಾತ್ರ ಅಲ್ಲಿರಲಿಲ್ಲ. ನೋಡಿದರೆ ಗೆದ್ದ ಗಾಡಿಯ ಹತ್ತಿರ ನಿಂತಿದ್ದಳು. ಜನ ಗೆದ್ದವನಿಗೆ ಹಾರ ಹಾಕುತ್ತಿದ್ದರು. ಕಾಶವ್ವ ಅವನ ಹಿಂದಿನ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು, ಮುಟ್ಟಲೇ ಎಂದು ಸನ್ನೆಯಲ್ಲಿ ಕೇಳಿ, ಮುಟ್ಟಿದಳು. ಟೈರು ಎಲ್ಲೂ ಹರಿದಿರಲಿಲ್ಲ. ಅಂಚಿನಿಂದ ಅಂಚಿಗೆ ಒಂದೇ ಸಮ, ನುಣುಪಾಗಿ ಸವೆದಿತ್ತು.

"ನೋಡಿದೇನು?" ಎಂದಳು, ದೀಪಾಲಿ ಬಂದದ್ದು ಕಂಡು. ಅವಳ ಕಣ್ಣು ಅರಳಿದ್ದವು. "ಎಷ್ಟ್ ಚಂದ ಸವೆಸ್ಯಾರ, ಚಕ್ರ ಎಲ್ಲೂ ನೆಲಾ ಬಿಟ್ಟಿಲ್ಲ. ನಂಗ ಹಿಂಗ ಇನ್ನೂ ಬಂದಿಲ್ಲ."

ಆ ಗಾಡಿಯ ಮೆಕ್ಯಾನಿಕ್ ಕುಶಲ ಎಂಬ ನರೆತ ಮೀಸೆಯ ಮನುಷ್ಯ. ಈ ಶಾಕಪ್ಪು ಕೂರಿಸಿದವರು ಯಾರು ಎಂದು ಕಾಶವ್ವ ಮರಾಠಿಯಲ್ಲಿ ಕೇಳಿದಾಗ ಅವನು ಸಂಕೋಚದಿಂದ ಕೈ ಒರೆಸಿಕೊಂಡ. ಎಣ್ಣೆ ಯಾವುದು, ಎಷ್ಟು ಮಂದ, ಎಷ್ಟು ಎತ್ತರಕ್ಕೆ ತುಂಬಿದಿರಿ ಎಂದು ಅವಳು ಒಂದೊಂದಾಗಿ ಕೇಳಿದಳು. ಅವನು ಮೊದಲು ಅರ್ಧರ್ಧ ಉತ್ತರ ಕೊಟ್ಟ, ಆಮೇಲೆ ತಾನೂ ಕೂತುಬಿಟ್ಟ. ಇಬ್ಬರೂ ಗಾಡಿಯ ಎರಡು ಬದಿಗೆ ಕೂತು ಸೀಟು ಒತ್ತಿ ಬಿಡುತ್ತ, ಅದು ಮೇಲೇಳುವುದನ್ನು ನೋಡುತ್ತಿದ್ದರು.

ಟೆಂಪೋದವನು ಹಾರ್ನ್ ಹೊಡೆದ. ಇನ್ನು ಹೊತ್ತಾದರೆ ಹೆದ್ದಾರಿಯಲ್ಲಿ ಗಾಡಿಗಳ ಸಾಲು ಹೆಚ್ಚುತ್ತದೆ ಎಂದು ಸುಂದರ ಗೊಣಗಿದ. ಇರಲಿ ತಡಿ ಎಂದು ದೀಪಾಲಿ ಅವನನ್ನು ಸುಮ್ಮನಿರಿಸಿ, ಕೈಗವಸು ಕಳಚಿ, ಅವರಿಬ್ಬರ ಮಾತು ಕೇಳಿಸುವಷ್ಟು ಹತ್ತಿರ ಹೋಗಿ ಕೂತಳು.