ಶುಭ ಶುಕ್ರವಾರದ ಗೊಬ್ಬರ

ಎಪ್ಪತ್ತೊಂದು ವರ್ಷದ ಬಾಳಿನಲ್ಲಿ ದೇವರಿಗಾಗಿ ತಾನು ಮಾಡಿದ ತ್ಯಾಗಗಳನ್ನು ಬೆರಳು ಮಡಿಚಿ ಎಣಿಸಲು ಕೂತರೆ ಆರ್ಬೋಗಾಸ್ಟನಿಗೆ ಒಂದು ಕೈ ಸಾಕಾಗುತ್ತಿತ್ತು; ಅದರಲ್ಲೂ ಹೆಬ್ಬೆರಳು ಮಿಕ್ಕುತ್ತಿತ್ತು. ಈ ವರ್ಷ ಅದನ್ನೂ ಮಡಿಚಿಬಿಡಬೇಕೆಂದು ಅವನು ನಿಶ್ಚಯಿಸಿದ್ದ. ಈ ಸಲದ ಶುಭ ಶುಕ್ರವಾರ ಅವನು ಹೊಲಕ್ಕೆ ಗೊಬ್ಬರ ಹಾಕುವುದಿಲ್ಲ.

ಹಿಂದಿನ ದಿನ ಗುರುವಾರ ಮಧ್ಯಾಹ್ನ ನೆರೆಮನೆಯ ಸೆರಾಫಿನ್ ಬೇಲಿಯ ಮೇಲೆ ಮೊಣಕೈಯೂರಿ ನಿಂತು, ಅಂಗಳದಲ್ಲಿದ್ದ ಗೊಬ್ಬರದ ಗಾಡಿಯನ್ನು ನೋಡಿದ. ವರ್ಷ ವರ್ಷದ ಅಭ್ಯಾಸಕ್ಕೆ ಕೈ ತಾನಾಗಿಯೇ ಗಾಡಿ ತುಂಬಿಸಿಬಿಟ್ಟಿತ್ತು. ನಿಶ್ಚಯ ನೆನಪಾದ ಮೇಲೆ ಆರ್ಬೋಗಾಸ್ಟ್ ನಾಚಿ, ಅದರ ಮೇಲೆ ಗೋಣಿ ಹೊದಿಸಿದ್ದ.

"ಗೋಣಿ ಯಾಕೋ ಹೊದ್ಸಿದೀಯ? ಅದಕ್ಕೆ ಚಳಿ ಆಗುತ್ತಾ?"

"ನಾಳೆ ಹಾಕಲ್ಲ. ಹಬ್ಬ ಕಳೀಲಿ, ಮಂಗಳವಾರ ಹಾಕ್ತೀನಿ."

"ಹುಷಾರಿಲ್ವಾ?"

"ಹುಷಾರಾಗೇ ಇದೀನಿ."

"ಹಂಗಾದ್ರೆ ತಲೆ ಕೆಟ್ಟಿದೆ. ನಿಮ್ಮಜ್ಜ ಹಾಕ್ದ, ನಿಮ್ಮಪ್ಪ ಹಾಕ್ದ. ಜರ್ಮನ್ನರು ಬಂದಾಗ್ಲೂ ಹಾಕಿದ್ರು, ಫ್ರೆಂಚರು ಬಂದಾಗ್ಲೂ ಹಾಕಿದ್ರು. ನೀನೊಬ್ಬ ಹುಟ್ಕೊಂಡೆ ನೋಡು ನಿಲ್ಸೋಕೆ."

"ನಾಳೆ ಬೆಳಗ್ಗೆ ನಾನು ಚರ್ಚಿಗೆ ಹೋಗ್ಬೇಕು."

"ನಮ್ಮದು ಮಧ್ಯಾಹ್ನ ಮೂರಕ್ಕಲ್ವಾ?"

"ನಮ್ಮದಕ್ಕಲ್ಲ. ಅವರದಕ್ಕೆ."

ಸೆರಾಫಿನ್ ಬೇಲಿಯ ಮೇಲಿನ ಮೊಣಕೈ ತೆಗೆದು ನೆಟ್ಟಗೆ ನಿಂತ. ಅದು ಅವನ ಮಟ್ಟಿಗೆ ದೊಡ್ಡ ಮರ್ಯಾದೆಯೇ. ಆಮೇಲೆ, "ಹೋಗಪ್ಪ. ಆದ್ರೆ ಅವರು ಹಾಡೋಕೆ ಶುರು ಮಾಡಿದ್ರೆ ಹತ್ತು ಚರಣಕ್ಕೆ ಕಮ್ಮಿ ನಿಲ್ಸಲ್ಲ. ಜೇಬಲ್ಲಿ ಒಂದು ತುಂಡು ಬ್ರೆಡ್ ಇಟ್ಕೊ," ಎಂದ.

"ಶುಕ್ರವಾರ ಉಪವಾಸ."

"ಸದ್ಯ, ಇನ್ನೂ ಅರ್ಧ ಕಥೊಲಿಕ ಉಳ್ಕೊಂಡಿದೀಯ."

ಆ ಊರಿನಲ್ಲಿ ಕಥೊಲಿಕರಿಗೂ ಪ್ರಾಟೆಸ್ಟಂಟರಿಗೂ ಇರುವುದು ಒಂದೇ ಚರ್ಚು. ಪ್ರಾಟೆಸ್ಟಂಟರು ಆರಾಧನೆಗೆ ಕೂರುವ ಮುಂಚೆ ಕಥೊಲಿಕರ ಬಲಿಪೀಠಕ್ಕೆ ಕೆಂಪು ಪರದೆ ಎಳೆಯಬೇಕು, ಅವರು ಎದ್ದ ಮೇಲೆ ಸರಿಸಬೇಕು. ಆ ಪರದೆಯ ಹಗ್ಗ ಮೂವತ್ತು ವರ್ಷದಿಂದ ಆರ್ಬೋಗಾಸ್ಟನ ಕೈಯಲ್ಲಿತ್ತು. ಊರಂಚಿನ ತೊರೆಯೇ ಎರಡು ದೇಶಗಳ ಗಡಿ. ಯುದ್ಧಗಳಲ್ಲಿ ಗಡಿ ಅತ್ತಿತ್ತ ಸರಿದು, ಅವನ ಅಜ್ಜ ಮನೆ ಬಿಟ್ಟು ಕದಲದೆ ಮೂರು ಸಲ ದೇಶ ಬದಲಿಸಿದ್ದ. ಪರದೆ ಕಟ್ಟಿದ ಜಾಗ ಮಾತ್ರ ಗೇಣಗಲವೂ ಜರುಗಿರಲಿಲ್ಲ.

ಶುಭ ಶುಕ್ರವಾರ ಪ್ರಾಟೆಸ್ಟಂಟರಿಗೆ ವರ್ಷದ ಅತಿ ದೊಡ್ಡ ದಿನ. ಅಂದು ಬೆಳಗ್ಗೆ ಅವರು ಕರಿ ಬಟ್ಟೆ ತೊಟ್ಟು ಚರ್ಚಿನಲ್ಲಿ ತಲೆ ತಗ್ಗಿಸಿ ಕೂತಿರುವಾಗ, ಬೇಕೆಂದೇ ಹೊಲಗಳಿಗೆ ಗೊಬ್ಬರ ಚೆಲ್ಲುವುದು ಕಥೊಲಿಕರ ಪದ್ಧತಿ. ಇದಕ್ಕೆ ಸೇಡಾಗಿ ಪ್ರಾಟೆಸ್ಟಂಟರು ಆಗಸ್ಟಿನಲ್ಲಿ ಮರಿಯಮ್ಮನ ಹಬ್ಬದ ದಿನ, ಮೆರವಣಿಗೆ ಬರುವ ಬೀದಿಯಲ್ಲೇ ಬಟ್ಟೆ ಒಗೆದು ಹರವುವರು. ಮೊದಲು ಶುರುಮಾಡಿದವರು ಯಾರೆಂಬುದು ದೇವರಿಗೆ ಗೊತ್ತು. ಅವನು ಎರಡೂ ಕಡೆಯವನಾದ್ದರಿಂದ ಬಾಯಿ ಬಿಟ್ಟಿಲ್ಲ.

ಕಾಲ ಕಳೆದಂತೆ ಎಲ್ಲರೂ ಒಬ್ಬೊಬ್ಬರಾಗಿ ಇದನ್ನು ಬಿಟ್ಟರು. ಆರ್ಬೋಗಾಸ್ಟ್ ಬಿಡಲಿಲ್ಲ. ಅವನ ಆಲೂಗಡ್ಡೆಯ ಹೊಲ ಚರ್ಚಿನ ದಕ್ಷಿಣದ ಗೋಡೆಗೆ ತಾಗಿಕೊಂಡಿತ್ತು. ಗಾಳಿ ಬೀಸುವುದೂ ಆ ಕಡೆಯಿಂದಲೇ. ದೇವರು ಇಷ್ಟು ಅನುಕೂಲ ಮಾಡಿಕೊಟ್ಟಿರುವಾಗ ಸುಮ್ಮನಿರುವುದು ಕೃತಘ್ನತೆ ಎಂದು ಅವನ ತಿಳಿವಳಿಕೆ. ಅದೇ ದಿನ ಮೂರು ಗಂಟೆಗೆ ಅದೇ ಚರ್ಚಿನಲ್ಲಿ, ಅದೇ ವಾಸನೆಯಲ್ಲಿ, ತಾನೂ ಮೂಗು ಮುಚ್ಚಿಕೊಂಡು ಪ್ರಾರ್ಥಿಸಬೇಕೆಂಬುದು ನಲವತ್ತು ವರ್ಷದಲ್ಲಿ ಒಮ್ಮೆಯೂ ಅವನಿಗೆ ಯುದ್ಧದ ನಷ್ಟವಾಗಿ ತೋರಿರಲಿಲ್ಲ.

ಇಂಥವನು ಮದುವೆಯಾಗಿದ್ದು ತೊರೆಯಾಚೆಯ ಪ್ರಾಟೆಸ್ಟಂಟ್ ಹುಡುಗಿ ಸಲೋಮೆಯನ್ನು. ಬೇರೆ ದೇಶದವಳೆಂದು ಅಪ್ಪ ಒಂದು ವಾರ ಮಾತು ಬಿಟ್ಟ. ಪರದೆಯ ಆ ಕಡೆಯವಳೆಂದು ಎರಡು ವರ್ಷ ಬಿಟ್ಟ. ಅವಳು ಕಡೆಯವರೆಗೂ ತನ್ನ ಕಡೆಯಲ್ಲೇ ಉಳಿದಳು. ಪ್ರತಿ ಶುಭ ಶುಕ್ರವಾರ ಅವಳು ಹಾಡಿನ ಪುಸ್ತಕ ಹಿಡಿದು ಮುಂಬಾಗಿಲಿನಿಂದ ಹೊರಡುತ್ತಿದ್ದಳು, ಅವನು ನಾಲ್ಕು ಹಲ್ಲಿನ ಸಲಿಕೆ ಹಿಡಿದು ಹಿತ್ತಲಿನಿಂದ. "ಇವತ್ತೊಂದು ದಿನ ಹಾಕಿದ್ರೆ ನೋಡು," ಎಂದು ಅವಳು ಹೊಸ್ತಿಲಲ್ಲಿ ನಿಂತು ಬೈಯದೆ ಹೋದದ್ದಿಲ್ಲ. ಆಗಸ್ಟಿನಲ್ಲಿ ಅವಳ ಸರದಿ. ಬೀದಿಗೆ ಅಡ್ಡಲಾಗಿ ಹಗ್ಗ ಕಟ್ಟಿ, ಮನೆಯಲ್ಲಿ ಬೇರೆ ಬಟ್ಟೆಯೇ ಇಲ್ಲವೆಂಬಂತೆ ಅವನ ಉದ್ದ ಒಳಚಡ್ಡಿಗಳನ್ನೇ ಒಣಗಹಾಕುತ್ತಿದ್ದಳು. ಮರಿಯಮ್ಮನ ಪ್ರತಿಮೆ ಅವುಗಳ ಕೆಳಗೆ ಹಾದುಹೋಗುತ್ತಿತ್ತು. ಪ್ರತಿಮೆಗೆ ಹೆಗಲು ಕೊಟ್ಟವರಲ್ಲಿ ಆರ್ಬೋಗಾಸ್ಟನೂ ಒಬ್ಬ.

ವರ್ಷದಲ್ಲಿ ಈ ಎರಡು ದಿನ ಬಿಟ್ಟರೆ ಅವರ ನಡುವೆ ಜಗಳವಿರಲಿಲ್ಲ.

ಕಳೆದ ನವೆಂಬರಿನಲ್ಲಿ ಅವಳು ಹಾಸಿಗೆ ಹಿಡಿದಳು. ಮಕ್ಕಳಿಲ್ಲದ ಮನೆ, ಹಾಸಿಗೆಯ ಪಕ್ಕದಲ್ಲಿ ಇವನೊಬ್ಬನೇ. ಕಡೆಯ ವಾರದಲ್ಲಿ ಅವಳು ಹೇಳಿದಳು: "ಶುಭ ಶುಕ್ರವಾರ ನನ್ನ ಜಾಗ ಖಾಲಿ ಬಿಡ್ಬೇಡ. ಕಿಟಕಿ ಪಕ್ಕದ್ದು. ಒಂದ್ಸಲ ಬಿಟ್ರೆ ಲಿಡಿಯಾ ಬುಟ್ಟಿ ಇಡ್ತಾಳೆ, ಆಮೇಲೆ ಕಾಲು ಚಾಚ್ತಾಳೆ."

"ನಾನು ಕೂರ್ಬೇಕಾ? ಅಲ್ಲಿ?"

"ಇನ್ಯಾರು ಕೂರ್ತಾರೆ? ನಿನ್ನ ಹಸುನಾ?"

ಅವನು ಮಾತು ಕೊಟ್ಟ. ಅವಳನ್ನು ಮಣ್ಣು ಮಾಡಿದ ದಿನದಿಂದ ದಿನವೂ ಅವಳ ಹೆಸರಿನಲ್ಲಿ ಜಪಮಾಲೆ ಹಿಡಿದ. ಸತ್ತವರಿಗಾಗಿ ಜಪಿಸುವ ಪದ್ಧತಿ ಅವಳ ಕಡೆಯಲ್ಲಿಲ್ಲ; ಆ ಜಪ ಅವಳಿಗೆ ತಲುಪಿದರೆ ಬೈದಾಳೆಂದು ಭಯ. ತಲುಪದಿದ್ದರೆ ಎಂಬುದು ಅದಕ್ಕಿಂತ ದೊಡ್ಡ ಭಯ. ಕೊಟ್ಟ ಮಾತಾದರೂ ತಲುಪಲಿ ಎಂದು ಈಸ್ಟರಿನ ವಾರಕ್ಕೆ ಕಾದ.

ಶುಕ್ರವಾರ ಬೆಳಗ್ಗೆ ಅವಳ ಮಣ್ಣಿಗೆ ತೊಟ್ಟಿದ್ದ ಕರಿ ಕೋಟನ್ನೇ ತೊಟ್ಟು ಹೋದ. ಬಾಗಿಲಲ್ಲಿ ಬೆರಳು ಅಭ್ಯಾಸದಂತೆ ತೀರ್ಥದ ಬೋಗುಣಿಗೆ ಇಳಿಯಿತು. ಶುಭ ಶುಕ್ರವಾರದ ಪದ್ಧತಿಯಂತೆ ಹಿಂದಿನ ದಿನ ಅದನ್ನು ಖಾಲಿ ಮಾಡಿ ಒರೆಸಿಟ್ಟವನು ಅವನೇ. ಒಣ ಬೆರಳಿನಿಂದಲೇ ಶಿಲುಬೆಯ ಗುರುತು ಹಾಕಿಕೊಂಡ. ಎರಡು ಸಾಲಿನವರು ತಿರುಗಿ ನೋಡಿದರು. ಗಾಬರಿಯಲ್ಲಿ, ಬೆಳಗ್ಗೆ ತಾನೇ ಎಳೆದಿದ್ದ ಪರದೆಗೆ ಮಂಡಿಯೂರಿ ವಂದಿಸಿಬಿಟ್ಟ.

ಕಿಟಕಿಯ ಸಾಲಿನಲ್ಲಿದ್ದ ಮುದುಕಿ ಲಿಡಿಯಾ ತನ್ನ ಬುಟ್ಟಿಯನ್ನು ಎತ್ತಿಕೊಂಡಳು. ಸಲೋಮೆ ಹೇಳಿದಂತೆ ಅದು ಆಗಲೇ ಅಲ್ಲಿ ಬಂದು ಕೂತಿತ್ತು.

"ಮಂಡಿ ಜಾರ್ತೇನೋ?"

"ಇಲ್ಲ ಲಿಡಿಯಕ್ಕ, ಅಭ್ಯಾಸ."

"ಕೂತ್ಕೊ. ಇಲ್ಲಿ ದೇವರು ಕೂತವರನ್ನೂ ನೋಡ್ತಾನೆ."

ಅವನು ಕೂತ. ಮುಂದಿನ ಹಲಗೆಯ ಮೇಲೆ ಸಲೋಮೆ ಕಡೆಯ ಸಲ ಬಂದಾಗ ಬಿಟ್ಟುಹೋಗಿದ್ದ ಹಾಡಿನ ಪುಸ್ತಕ ಇನ್ನೂ ಇತ್ತು, ಒಳಗೆ ಗುರುತಿಗೆ ಅವಳ ಕನ್ನಡಕ ಒರೆಸುವ ಬಟ್ಟೆ. ಅದನ್ನು ಮುಟ್ಟಲು ಅವನಿಗೆ ಧೈರ್ಯವಾಗಲಿಲ್ಲ. ಅದರ ಬದಲು ದೀರ್ಘವಾಗಿ ಉಸಿರೆಳೆದ. ಮೇಣದ ವಾಸನೆ, ಕೋಟುಗಳ ನುಸಿಗುಳಿಗೆಯ ವಾಸನೆ, ಮತ್ತೇನೂ ಇಲ್ಲ. ಇಷ್ಟು ಶುದ್ಧವಾದ ಗಾಳಿಯನ್ನು ದಾನ ಮಾಡಿದವನ ಕಡೆ ಯಾರಾದರೂ ಒಮ್ಮೆ ನೋಡಿಯಾರೆಂದು ಕಾದ. ಪಾದ್ರಿ ಪ್ರಸಂಗದಲ್ಲಿ ಒಂದು ಮಾತು ಹೇಳಿದರೂ ಹೇಳಿಯಾರು. ಆಗ ತಲೆ ತಗ್ಗಿಸುವುದು ಹೇಗೆಂದೂ ಯೋಚಿಸಿಟ್ಟುಕೊಂಡ. ಯಾರೂ ನೋಡಲಿಲ್ಲ.

ಮೊದಲ ಹಾಡು ಮುಗಿಯಿತು. ಲಿಡಿಯಾ ಅವನ ಮಡಿಲ ಮೇಲಿಂದ ಬಾಗಿ ಕಿಟಕಿಯನ್ನು ಗೇಣಗಲ ತೆರೆದಳು. ತಣ್ಣನೆಯ ಗಾಳಿ ಬಂತು. ಅವಳು ಮೂಗೆತ್ತಿ ಮೂಸಿದಳು, ಇಲ್ಲವೆಂಬಂತೆ ತಲೆಯಾಡಿಸಿದಳು.

"ಚಳಿ ಲಿಡಿಯಕ್ಕ, ಯಾಕೆ ತೆಗ್ದೆ?" ಎಂದು ಅವನು ಪಿಸುಗುಟ್ಟಿದ.

"ಅವಳು ತೆಗೀತಿದ್ಲಲ್ಲ. ಪ್ರತಿ ವರ್ಷ, ಮೊದಲ ಹಾಡು ಮುಗಿದ್ಮೇಲೆ."

"ಸುಳ್ಳು. ವಾಸನೆ ಬರುತ್ತೆ."

"ಬರ್ಲಿ ಅಂತಾನೇ ತೆಗೀತಿದ್ದದ್ದು. ಬಂದ ತಕ್ಷಣ ನನ್ನ ಪಕ್ಕೆ ತಿವಿಯೋಳು. 'ನೋಡೇ, ನನ್ನ ಗಂಡ ಚರ್ಚಿಗೆ ಬಂದ. ಸರ್ಕೊ, ಜಾಗ ಬಿಡು' ಅಂತ. ನಿನ್ನ ದೆಸೆಯಿಂದ ನಲವತ್ತು ವರ್ಷ ಅರ್ಧ ಬೆಂಚಲ್ಲಿ ಕೂತಿದೀನಿ ನಾನು."

"ಮನೇಲಿ ಹಾಕ್ಬೇಡ ಅಂತ ಬೈತಿದ್ಲು."

"ಬೈಯದೇ ಇದ್ದಿದ್ರೆ ನೀನು ಹಾಕ್ತಿದ್ದೆಯಾ?"

ಮುಂದಿನ ಸಾಲಿನಲ್ಲಿ ಯಾರೋ ಕೆಮ್ಮಿದರು. ಪಾದ್ರಿ ಪ್ರಸಂಗ ಆರಂಭಿಸಿದರು. ಆರ್ಬೋಗಾಸ್ಟನ ಕಿವಿಗೆ ಒಂದು ಮಾತೂ ಬೀಳಲಿಲ್ಲ. ನಲವತ್ತು ವರ್ಷ ಯುದ್ಧ ಮಾಡುತ್ತಿದ್ದೇನೆಂದು ಅವನು ತಿಳಿದಿದ್ದ. ನಲವತ್ತು ವರ್ಷವೂ ತಪ್ಪದೆ ಹೆಂಡತಿಯ ಪಕ್ಕದಲ್ಲಿ ಬಂದು ಕೂತಿದ್ದ. ತನ್ನ ಚರ್ಚಿನಲ್ಲಾದರೂ ಅಷ್ಟು ನಿಯಮವಾಗಿ ಕೂತಿರಲಿಲ್ಲ. ಕೋಟು ತೊಟ್ಟು, ಬೂಟು ಹೊಳೆಯಿಸಿ, ತ್ಯಾಗದ ಗಾಂಭೀರ್ಯ ಹೊತ್ತು ಬಂದ ಇಂದೇ ಅವನು ಗೈರುಹಾಜರು. ಹೆಬ್ಬೆರಳು ತಾನಾಗಿ ಬಿಚ್ಚಿಕೊಂಡಿತು. ಅವನಿಗೆ ನಗು ಬಂತು. ಜೊತೆಗೆ ಇನ್ನೊಂದೂ ಬರುವುದರಲ್ಲಿತ್ತು. ಅದು ಬರುವ ಮುಂಚೆ ಎದ್ದುನಿಂತ.

ಆದರೆ ಜಾಗ ಖಾಲಿ ಬಿಡುವಂತಿರಲಿಲ್ಲ. ತನ್ನ ಟೋಪಿಯನ್ನು ಅಲ್ಲಿಟ್ಟ.

"ಲಿಡಿಯಕ್ಕ, ಇದರ ಮೇಲೆ ಬುಟ್ಟಿ ಇಡ್ಬೇಡ."

"ಟೋಪಿ ಜೊತೆ ನನಗೇನು ಜಗಳ? ಬೇಗ ಹೋಗು. ಪ್ರಸಂಗ ಆದ್ಮೇಲೆ ಇರೋದು ಒಂದೇ ಹಾಡು."

"ಎಷ್ಟು ಚರಣ?"

"ಹನ್ನೊಂದು."

"ಸಾಕು."

ಹೊರಡುವಾಗ ಪರದೆಗೆ ಮತ್ತೊಮ್ಮೆ ಮಂಡಿಯೂರಿದ. ಈ ಸಲ ಗಾಬರಿಯಿಂದಲ್ಲ.

ಕರಿ ಕೋಟಿನಲ್ಲೇ ಅವನು ಟ್ರ್ಯಾಕ್ಟರಿಗೆ ಗಾಡಿ ಕಟ್ಟಿ ಹೊರಟದ್ದನ್ನು ಸೆರಾಫಿನ್ ಬೇಲಿಯಿಂದ ನೋಡಿದ.

"ಏನೋ, ಹೊಡೆದು ಓಡ್ಸಿದ್ರಾ?"

"ಇಲ್ಲ. ಒಳಗೆ ಕಾಯ್ತಿದಾರೆ."

ಸೆರಾಫಿನ್ ಬೇಲಿ ಸುತ್ತಿಕೊಂಡು ಬೀದಿಗೆ ಬರುವಷ್ಟರಲ್ಲಿ ಗಾಡಿ ತಿರುವು ದಾಟಿತು.

ಹೊಲದಲ್ಲಿ ಅವನು ಗೋಣಿ ಎಳೆದು ಸಲಿಕೆ ಹಾಕಿದ. ಹಿಂದಿನ ದಿನದಿಂದ ಮುಚ್ಚಿಟ್ಟಿದ್ದ ಗೊಬ್ಬರ. ಮೂರು ಹಸುಗಳು ಚಳಿಗಾಲವೆಲ್ಲ ಅದಕ್ಕೆಂದೇ ಮೇದಂತಿತ್ತು. ಹೊಳೆಯಿಸಿದ ಬೂಟು ಮೊದಲ ಹೆಜ್ಜೆಗೇ ಮುಳುಗಿತು. ಒಳಗೆ ಕೊನೆಯ ಹಾಡು ಎದ್ದಿತು. ಮೂರನೆಯ ಚರಣದ ಹೊತ್ತಿಗೆ ತನ್ನ ತುಟಿ ಅಲುಗುತ್ತಿರುವುದು ಅವನಿಗೆ ತಿಳಿಯಿತು. ಪದಗಳೆಲ್ಲ ಬರುತ್ತಿದ್ದವು. ಇಷ್ಟು ವರ್ಷ ಇದೇ ಗೋಡೆಯ ಹೊರಗೆ ನಿಂತು ಕೇಳಿದವನಿಗೆ ಬಾರದೆ ಇದ್ದೀತೆ?

ನಾಲ್ಕನೆಯ ಚರಣದಲ್ಲಿ ಗಾಳಿ ಬೀಸಿತು. ಅವನು ಸಲಿಕೆಗೆ ಒರಗಿ ಕಿಟಕಿಯ ಕಡೆ ನೋಡಿದ. ಲಿಡಿಯಾಳ ದಪ್ಪ ಕೈ ಹೊರಗೆ ಬಂದು, ಗೇಣಗಲ ತೆರೆದಿದ್ದ ಕಿಟಕಿಯನ್ನು ಗೋಡೆಗೆ ತಾಗುವವರೆಗೂ ತಳ್ಳಿತು.

ಆರ್ಬೋಗಾಸ್ಟ್ ಕೈಯಲ್ಲಿ ಉಗುಳಿಕೊಂಡು ಸಲಿಕೆ ಹಿಡಿದ. ಇನ್ನೂ ಏಳು ಚರಣವಿತ್ತು.