ಮಂಚದ ಕೆಳಗಿನ ಗೆಜ್ಜೆ

ಭೀಮನಬೀಡಿನ ನಾಗಲಕ್ಷ್ಮಿಗೆ ನಡೆದದ್ದನ್ನು ಹೇಳಿ ಅಂದರೆ ಬಾಯಿ ಬರುತ್ತಿರಲಿಲ್ಲ. ಬೈಯಿರಿ ಅಂದಿದ್ದರೆ ಇಡೀ ಆಸ್ಪತ್ರೆಯನ್ನೇ ನೀವಾಳಿಸಿ ಎಸೆದುಬಿಡುತ್ತಿದ್ದಳು. ಗುಂಡ್ಲುಪೇಟೆಯ ಶಾಲೆಯೊಂದರ ಕೋಣೆಯಲ್ಲಿ ಸಾಗರ್ ಎಂಬ ಚಿತ್ರಕಾರ ಇದ್ದಿಲು ಕಡ್ಡಿ ಹಿಡಿದು ಅವಳ ಮಾತಿಗೆ ಕಾಯುತ್ತಿದ್ದ. ಆಟಿಸಂ ಇರುವ ಮಕ್ಕಳ ಮನೆಯವರು ಆಸ್ಪತ್ರೆಗಳಲ್ಲಿ ಪಡುವ ಪಾಡನ್ನು ಕಾಮಿಕ್ಸ್ ಮಾಡಿ, ಡಾಕ್ಟರು ನರ್ಸುಗಳಿಗೇ ಓದಲು ಕೊಡುವುದು ಅವನ ಕೆಲಸ.

"ನೀವು ಹೇಳಿದ್ದಷ್ಟೇ ಬರೀತೀನಿ ಅಕ್ಕ. ನಂದೇನೂ ಸೇರ್ಸಲ್ಲ," ಎಂದ.

ನಾಗಲಕ್ಷ್ಮಿ ಹೇಳಿದಳು. ಮಗಳು ಶಿವರಂಜಿನಿಗೆ ಯಾರಾದರೂ ಮುಟ್ಟಿದರೆ ಬೆಂಕಿ ತಾಗಿದಂತಾಗುತ್ತದೆ. ಹೋದ ವರ್ಷ ಫಿಟ್ಸ್ ಬಂತೆಂದು ಚಾಮರಾಜನಗರದ ಆಸ್ಪತ್ರೆಯೊಂದಕ್ಕೆ ಕರೆದೊಯ್ದಿದ್ದಳು. ತಲೆಗೆ ತಂತಿ ಅಂಟಿಸಿ ನೋಡುವ ಪರೀಕ್ಷೆಗೆಂದು ಅಲ್ಲಿ ಎಲ್ಲರೂ ಸೇರಿ ಮಗುವನ್ನು ಮಂಚಕ್ಕೆ ಅದುಮಿದರು. ನೀವೂ ಕಾಲು ಹಿಡ್ಕೊಳ್ಳಿ ಎಂದರು, ನಾಗಲಕ್ಷ್ಮಿಯೂ ಹಿಡಿದಳು. ಮಗು ಕೊಸರಿಕೊಂಡು ಮಂಚದ ಕೆಳಗೆ ನುಗ್ಗಿ ಗೋಡೆಗೆ ಅಂಟಿ ಕೂತಿತು. ಪರೀಕ್ಷೆ ಆಗಲಿಲ್ಲ. ಆ ಕೂಸಿಗೆ ಬರುತ್ತಿದ್ದುದೇ 'ಅವ್ವ' ಎನ್ನುವ ಒಂದು ಮಾತು. ಅಂದಿನಿಂದ ಅದೂ ಹೋಯಿತು. ಹೆಸರು ಹಿಡಿದು ಕೂಗಿದರೂ ತಿರುಗುವುದಿಲ್ಲ. ಬರುವ ಸೋಮವಾರ ಅದೇ ಕೋಣೆಯಲ್ಲಿ ಮತ್ತೆ ಅದೇ ಪರೀಕ್ಷೆ. ಆ ಒಂದು ಮಾತು ಇನ್ನು ಈ ಜನ್ಮಕ್ಕೆ ಕೇಳಿಸುವುದಿಲ್ಲವೇನೋ ಎಂಬ ಹೆದರಿಕೆ ನಾಗಲಕ್ಷ್ಮಿಯನ್ನು ಹಗಲೂ ಇರುಳೂ ತಿನ್ನುತ್ತಿತ್ತು.

ಸಾಗರ್ ಒಂದೇ ಹಾಳೆಯಲ್ಲಿ ಚೌಕ ಚೌಕವಾಗಿ ಬರೆದ. ಬಸ್ಸು, ಚೀಟಿ ಕೊಡುವ ಕಿಟಕಿ, ಮಂಚ, ಅದುಮಿದ ಕೈಗಳು, ಕಾಲು ಹಿಡಿದು ಬಗ್ಗಿದ ತಾಯಿಯ ಬೆನ್ನು. ಕೊನೆಯ ಚೌಕದಲ್ಲಿ ತಾಯಿ ಮಗಳು ಹೊರಟುಹೋದ ಮೇಲಿನ ಖಾಲಿ ಕೋಣೆ.

"ಇಲ್ಲಿ ಯಾಕಪ್ಪ ಕಾಲು ಬರ್ದಿದ್ದೀಯ?" ಎಂದಳು ನಾಗಲಕ್ಷ್ಮಿ.

ಸಾಗರ್ ಬಗ್ಗಿ ನೋಡಿದ. "ನಾನು ಬರ್ದಿಲ್ಲ ಅಕ್ಕ. ಅಲ್ಲಿ ಬರೀ ನೆರಳು ತುಂಬಿದ್ದೆ."

ಮಂಚದ ಕೆಳಗಿನ ಕಪ್ಪಿನಲ್ಲಿ ಎರಡು ಪುಟ್ಟ ಪಾದಗಳಿದ್ದವು. ಒಂದರಲ್ಲಿ ಮಾತ್ರ ಗೆಜ್ಜೆ. ಅವತ್ತಿನ ಕೊಸರಾಟದಲ್ಲಿ ಒಂದು ಗೆಜ್ಜೆ ಕಳಚಿ ಎಲ್ಲೋ ಹೋಗಿತ್ತು. ಇನ್ನೊಂದನ್ನು ನಾಗಲಕ್ಷ್ಮಿ ಮನೆಗೆ ಬಂದು ಬಿಚ್ಚಿಟ್ಟಿದ್ದಳು. ಇದನ್ನು ಅವಳು ಸಾಗರನಿಗೆ ಹೇಳಿರಲೇ ಇಲ್ಲ. ಶಿವರಂಜಿನಿ ಶಾಲೆಯ ಆ ಕೋಣೆಯಲ್ಲೇ ಬರಿಗಾಲಲ್ಲಿ ಕಿಟಕಿಯ ಸರಳು ಸವರುತ್ತಾ ನಿಂತಿದ್ದಳು.

ಜೊತೆಗೆ ಬಂದಿದ್ದ ಅತ್ತೆ ಪುಟ್ಟಮಲ್ಲಮ್ಮ ಹಾಳೆ ನೋಡಿ ಸೊಸೆಯ ಕಡೆ ತಿರುಗಿದಳು. "ನಾನು ಅವತ್ತೇ ಬಡ್ಕಂಡೆ. ಕೂಸು ಬೆಚ್ಚಿದ ಜಾಗದ ಮಣ್ಣ ಅಣೆಗಚ್ಚಿ, ಎಸರು ಕೂಗಿ ಕರ್ಕಂಡು ಬರ್ಬೇಕು ಅಂತ. ನೀನು ಅಂಗೇ ಎತ್ಕಂಡು ಬಂದ್ಬುಟ್ಟೆ. ಕೂಸಿನ ಜೀವ ಅಲ್ಲೇ ಉಳ್ಕಂಡದೆ ಕಣಮ್ಮಿ."

"ಟೈಲ್ಸ್ ನೆಲ ಕಣತ್ತೆ. ಫಿನಾಯಿಲ್ ಹಾಕಿ ಒರ್ಸಿದ್ರು. ಮಣ್ಣ ಎಲ್ಲಿಂದ ತರನ?"

ಮುದುಕಿ ಚಿತ್ರದ ಕಪ್ಪನ್ನೇ ದಿಟ್ಟಿಸಿದಳು. "ಇದೂ ಆ ಜಾಗ್ವೇ ಅಲ್ವಾ? ಇದ್ನೇ ತಕ್ಕಂಡು ಓಗು."

ಸಾಗರ್ ಹಾಳೆಯ ಫೋಟೊ ತೆಗೆದುಕೊಂಡು, ಮೂಲವನ್ನು ಅವಳಿಗೇ ಕೊಟ್ಟುಬಿಟ್ಟ. ಅದನ್ನು ತನ್ನ ಬಳಿ ಇಟ್ಟುಕೊಳ್ಳಲು ಅವನಿಗೂ ಧೈರ್ಯವಿರಲಿಲ್ಲ.

ಸೋಮವಾರ ಆ ಕೋಣೆಯಲ್ಲಿ ನರ್ಸ್ ನಾಗರತ್ನ ಕಾಯುತ್ತಿದ್ದಳು. ಸಾಗರ್ ಕಳಿಸಿದ ಚಿತ್ರಗಳು ಅವಳ ಮೊಬೈಲಿನಲ್ಲಿದ್ದವು. "ಆ ಕೈಗಳಲ್ಲಿ ನಂದೂ ಒಂದು ಕಣಮ್ಮ," ಎಂದು ತಲೆ ತಗ್ಗಿಸಿದಳು. "ಇವತ್ತು ಯಾರೂ ಹಿಡಿಯಲ್ಲ. ಅವಳಾಗೇ ಬರ್ಲಿ." ಉಳಿದವರನ್ನು ಹೊರಗೆ ಕಳಿಸಿ, ಕಣ್ಣು ಕುಕ್ಕುವ ದೀಪ ಆರಿಸಿ, ಮೂಲೆಯಲ್ಲಿ ಕೂತಳು.

ಶಿವರಂಜಿನಿ ತಾಯಿಯ ಸೆರಗು ಹಿಡಿದು ನಿಂತಿದ್ದಳು. ನಾಗಲಕ್ಷ್ಮಿ ಹಾಳೆ ಬಿಡಿಸಿ, ಮಂಚದ ಕೆಳಗಿನ ಕಪ್ಪನ್ನು ಬೆರಳಿಗೆ ಒತ್ತಿಕೊಂಡು ಮಗಳ ಹಣೆಗೆ ಹಚ್ಚಿದಳು. ಮುಟ್ಟಿದರೆ ಚೀರುವ ಮಗು ಅಲುಗಲಿಲ್ಲ.

"ಶಿವರಂಜಿನೀ, ಬಾ, ಮನೆಗೋಗನ."

ಇನ್ನೊಮ್ಮೆ ಕೂಗಿದಳು.

"ಅವ್ವ."

ಮಗಳದೇ ಧ್ವನಿ. ಆದರೆ ಪಕ್ಕದಲ್ಲಿ ನಿಂತ ಮಗಳ ತುಟಿ ಮುಚ್ಚಿತ್ತು. ಮಾತು ಬಂದದ್ದು ಮಂಚದ ಕೆಳಗಿನಿಂದ. ನಾಗರತ್ನ ದಡಕ್ಕನೆ ಎದ್ದು ಗೋಡೆಗೆ ಒರಗಿದಳು. ಅವಳಿಗೂ ಕೇಳಿಸಿತ್ತು.

ಶಿವರಂಜಿನಿ ಸೆರಗು ಬಿಟ್ಟು, ಕುಕ್ಕರಗಾಲಲ್ಲಿ ಕೂತು, ಮಂಚದ ಕೆಳಗೆ ಕೈ ಚಾಚಿದಳು. ಒಳಗೆ ಗೆಜ್ಜೆ ಘಲ್ಲೆಂದಿತು. ಕೆಳಗೆ ಬಿದ್ದ ತಂಗಿಯನ್ನು ಎಬ್ಬಿಸುವ ಅಕ್ಕನ ಹಾಗೆ ಮೆಲ್ಲಗೆ ಹಿಂದಕ್ಕೆ ಎಳೆದು ಎದ್ದಳು. ಕೈಯಲ್ಲಿ ಏನೂ ಇರಲಿಲ್ಲ. ಆಮೇಲೆ ತಾನಾಗಿಯೇ ಮಂಚ ಹತ್ತಿ ಮಲಗಿದಳು. ನಾಗರತ್ನ ಒಂದೊಂದೇ ತಂತಿಯನ್ನು ಮೊದಲು ಮಗುವಿಗೆ ತೋರಿಸಿ, ಆಮೇಲೆ ಅಂಟಿಸಿದಳು. ಪರೀಕ್ಷೆ ಮುಗಿಯಿತು.

ಹೊರಗಿನ ಬೆಂಚಿನಲ್ಲಿ ಕೂತು ನಾಗಲಕ್ಷ್ಮಿ ಹಾಳೆ ತೆಗೆದಳು. ಮಂಚದ ಕೆಳಗೆ ಬರೀ ಕಪ್ಪಿತ್ತು, ಪಾದಗಳಿರಲಿಲ್ಲ. ಸಂತೋಷಕ್ಕೆ ಕಣ್ಣು ತುಂಬಿ ಬಂತು.

"ಅವ್ವ," ಎಂದಳು ಶಿವರಂಜಿನಿ. ಈ ಸಲ ಅವಳದೇ ಬಾಯಿಂದ. ಆದರೆ ಅವಳು ನೋಡುತ್ತಿದ್ದುದು ತಾಯಿಯನ್ನಲ್ಲ, ಹಾಳೆಯನ್ನು.

ಕಾಲು ಹಿಡಿದು ಬಗ್ಗಿದ್ದ ಹೆಂಗಸಿನ ಬೆನ್ನು ಈಗ ಕಾಣುತ್ತಿರಲಿಲ್ಲ. ಅವಳು ಇತ್ತ ತಿರುಗಿದ್ದಳು. ನಾಗಲಕ್ಷ್ಮಿಯದೇ ಮುಖ, ತಾನೂ ಅಲ್ಲೇ ಉಳಿದುಹೋದವಳ ಹಾಗೆ ಕೂಗಲು ತೆರೆದ ಬಾಯಿ.

ಶಿವರಂಜಿನಿ ಆ ಮುಖದ ಮೇಲೆ ಬೆರಳು ಉಜ್ಜಿ, ಕಪ್ಪನ್ನು ತಾಯಿಯ ಹಣೆಗೆ ಹಚ್ಚಿದಳು.

"ಅವ್ವ, ಬಾ," ಎಂದಳು. "ಮನೆಗೋಗನ."